ಎಳೆದು ನೋಡುವ ಅಕ್ಕೋರು

ಉಣಕಲ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕೋರು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಿದ್ದರು. ಬಾಗಿಲಿಗೆ ಕೀಲಿ ಹಾಕಿ ಗೇಟಿನವರೆಗೆ ಬಂದವರು, "ಇನ್ನೊಮ್ಮೆ ಎಳದು ನೋಡ್ತೇನ್ರಿ" ಎಂದು ಮತ್ತೆ ಹಿಂದಕ್ಕೆ ಹೋಗುತ್ತಿದ್ದರು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಹುಡುಗಿಯರ ಹಾಸ್ಟೆಲ್ಲಿಗೆಂದು ಅವರೇ ಬಾಗಿಲು ತೆರೆಯುವ ವೈರ್‌ಲೆಸ್ ಕಾರ್ಡು ಮಾಡಿದ್ದರು. ಬಂದವಳು ಹಾಸ್ಟೆಲ್ಲಿನವಳು ಎಂದಷ್ಟೇ ಬಾಗಿಲಿಗೆ ತಿಳಿಯಬೇಕು, ಯಾರೆಂದು ತಿಳಿಯಬಾರದು. ಆ ಮಾತಿನ ಮೇಲೆಯೇ ಹುಡುಗಿಯರು ಒಪ್ಪಿದ್ದರು.

ಉದ್ಘಾಟನೆಯ ದಿನ ನಾನೂ ಹೋಗಿದ್ದೆ. ಅತಿಥಿಗಳ ಮುಂದೆಯೇ ಅಕ್ಕೋರು ಕಾರ್ಡಿನ ಸಂಕೇತ ಹಿಡಿಯುವ ಅಂಗೈಯಗಲದ ರೇಡಿಯೋ ಯಂತ್ರ ಹಿಡಿದು, ಬಾಗಿಲಿಗೆ ಬೆನ್ನು ಮಾಡಿ ನಿಂತರು. ಹುಡುಗಿಯರು ಮೊದಲ ಸಲ ಕಾರ್ಡು ತೋರಿಸಿ, ಹೆಸರು ಹೇಳಿ ಒಳಗೆ ಬಂದರು. ಎರಡನೆಯ ಸಲ ಸಾಲು ಬದಲಿಸಿ, ತುಟಿ ಬಿಚ್ಚದೆ ಬಂದರು. ಅಕ್ಕೋರು ತಿರುಗದೆಯೇ ಒಬ್ಬೊಬ್ಬರ ಹೆಸರನ್ನೂ ಹೇಳಿದರು.

"ಹೆಸರೇನೋ ಮುಚ್ಚೇದ, ಖರೇ. ಆದ್ರ ಒಂದೊಂದು ಕಾರ್ಡೂ ಪ್ರತಿ ಸಲ ತನ್ನ ಅದೇ ಅಂಕಿ ಕಳಸ್ತದ. ರಸ್ತಾದಾಗ ನಿಂತಾವಗೂ ಅದು ಸಿಗ್ತದ. ಎಳದು ನೋಡಿದೆ, ಕೀಲಿ ಕೈಗೇ ಬಂತು. ತಪ್ಪು ನಂದು. ಇವತ್ತ ಈ ಕಾರ್ಡು ಚಾಲೂ ಮಾಡೂದು ಬ್ಯಾಡ್ರಿ."

ವಾರ್ಡನ್ ಪಿಸುಗುಟ್ಟಿದರು: "ಅಕ್ಕೋರ, ರಿಬ್ಬನ್ ಕಟ್ಟೇತಿ, ಚಾ ಆಗೇತಿ. ಯಾರಿಗ್ ಗೊತ್ತಾಗ್ತೈತ್ರಿ?"

"ಗೊತ್ತಾದಾವ ನಮಗ ಹೇಳೂದಿಲ್ರಿ. ಹುಡಿಗ್ಯಾರ ಹಿಂದ ಹೋಗ್ತಾನ."

ವಾರ್ಡನ್ ರಿಬ್ಬನ್ ಬಿಚ್ಚಿದರು. ಅತಿಥಿಗಳು ಚಹಾ ಕುಡಿದು ಎದ್ದರು. ಕಾರ್ಡುಗಳ ಚೀಲವನ್ನು ನಾನೇ ಹೊತ್ತು ತಂದೆ. ಬಸ್ಸಿನಲ್ಲಿ ಪಕ್ಕದವರು ಇದೇನೆಂದು ಕೇಳಿದಾಗ, ಅಕ್ಕೋರಿಗೂ ಕೇಳುವಂತೆ ಹೆಮ್ಮೆಯಿಂದ ಹೇಳಿದೆ:

"ನಮ್ಮ ಬಾಜೂ ಮನಿಯವರು ಮಾಡಿದ್ದ್ರಿ."