ಕಾಳಿಂಗಗೌಡನ ಪಾತ್ರ ಯಾರಿಗೂ ಬೇಡವಾದ ವರ್ಷ

ತಾವರಗೇರಾದ ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ಸಿಪಾಯಿ ಮುದುಕಪ್ಪ ಜೀವಮಾನದಲ್ಲಿ ಒಂದು ನಾಯಿಗೂ ಗದರಿದವನಲ್ಲ. ಆದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆಯ ಜನ ಅವನನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ಅವನು ನಾಟಕಗಳಲ್ಲಿ ಕೆಟ್ಟ ಗೌಡನ ಪಾತ್ರ ಮಾಡುತ್ತ ಬಂದಿದ್ದ. ಬಡವರ ಹೊಲ ನುಂಗಿದ್ದ, ಗುಡಿಸಲಿಗೆ ಬೆಂಕಿ ಇಡಿಸಿದ್ದ, ಕೊನೆಯ ಅಂಕದಲ್ಲಿ ತಪ್ಪದೆ ನಾಯಕಿಯ ಕೈಯಲ್ಲಿ ಚಪ್ಪಲಿ ಏಟು ತಿಂದಿದ್ದ. ಕುಕನೂರಿನ ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿಯೊಬ್ಬಳು ಅವನ ಗುರುತು ಹಿಡಿದು ತಕ್ಕಡಿ ಕೆಳಗಿಟ್ಟಿದ್ದಳು.

"ಮೊದಲ ಆ ತಂಗಿ ಹೊಲ ತಿರುಗಿ ಕೊಡು. ಆಮ್ಯಾಲ ಬದನಿಕಾಯಿ ಒಯ್ಯಿ."

ಮುದುಕಪ್ಪ ಖಾಲಿ ಚೀಲ ಹಿಡಿದು ಮನೆಗೆ ಬಂದ. ಹೆಂಡತಿ ಹಂಪವ್ವ ಅಂದು ರೊಟ್ಟಿಗೆ ಖಾರದ ಪುಡಿ ಬಡಿಸಿದಳು.

ಈ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ರಂಗದ ಮೇಲೆ ನಿಂತು ಒಂದೇ ಒಂದು ಹಾಡು ಹಾಡಬೇಕು. ಕಂಠವೇನೋ ಇತ್ತು. ಸೋಮವಾರದ ಭಜನೆಯಲ್ಲಿ ಅವನು ದನಿ ಎತ್ತಿದರೆ ಹಿರಿಯರು ಎಲೆ ಅಡಿಕೆ ಜಗಿಯುವುದನ್ನೇ ನಿಲ್ಲಿಸುತ್ತಿದ್ದರು. ಆದರೆ ನಾಟಕದ ಕಾಯಿದೆ ಬೇರೆ. ನಾಯಕನಿಗೆ ನಾಲ್ಕು ಹಾಡು, ನಾಯಕಿಗೆ ಐದು, ಹಾಸ್ಯದವನಿಗೆ ಎರಡು, ನಡುವೆ ಸಾಯುವವನಿಗೆ ಒಂದು. ಕೆಟ್ಟವನಿಗೆ ಬರೀ ನಗು. ಕೆಟ್ಟವರಿಗೆ ರಾಗ ಬರುವುದಿಲ್ಲ ಎಂದು ಯಾವ ಪುಣ್ಯಾತ್ಮ ತೀರ್ಮಾನಿಸಿದನೋ, ಅವನು ಚುನಾವಣೆಯ ಸಭೆಗಳಿಗೆ ಹೋಗಿರಲಿಕ್ಕಿಲ್ಲ. ಅಂತೂ ಮುದುಕಪ್ಪ ಇಪ್ಪತ್ತಾರು ವರ್ಷ ಸೊಂಟಕ್ಕೆ ಕೈ ಕೊಟ್ಟು ನಕ್ಕಿದ್ದೇ ನಕ್ಕಿದ್ದು.

ಅವನನ್ನು ನಗಿಸುತ್ತಿದ್ದವನು ಅಬ್ದುಲರೌಫ. ಅರಮನೆ, ಅಡವಿ, ಬೀದಿ, ಜೇಲು ಎಂದು ನಾಲ್ಕು ಪರದೆ, ಒಂದು ಹಾರ್ಮೋನಿಯಂ, ಇಷ್ಟನ್ನು ಅಪ್ಪನಿಂದ ಪಡೆದಿದ್ದ. ತಾನು ದೊಡ್ಡ ಕಲಾಪೋಷಕನೆಂಬ ಹೆಮ್ಮೆ ಮಾತ್ರ ಅವನ ಸ್ವಂತ ಗಳಿಕೆ. ಉಳಿದವರು ನಾಟಕ ಹಾಕುತ್ತಾರೆ; ಅಬ್ದುಲರೌಫ ಮಾತ್ರ 'ಸೀಜನ್' ಮಾಡುತ್ತಾನೆ. ಎಳ್ಳಮಾವಾಸ್ಯೆಯಿಂದ ಬಸವ ಜಯಂತಿಯವರೆಗೆ ಹನ್ನೊಂದು ಊರಲ್ಲಿ ನಾಟಕ, ನಾಲ್ಕು ಊರಲ್ಲಿ ಸಂಗೀತ ಸಂಜೆ. ಬಣ್ಣದ ಪೋಸ್ಟರಿನಲ್ಲಿ ನಾಯಕಿಯ ಮುಖಕ್ಕಿಂತ ಅವನ ಮುಖವೇ ದೊಡ್ಡದು. ಈ ಸಲದ ನಾಟಕವನ್ನು ತಾನೇ ಬರೆದಿದ್ದ. 'ಅಣ್ಣನ ಹೊಲ ಅಳುತೈತಿ ಅರ್ಥಾತ್ ಕಾಳಿಂಗಗೌಡನ ಗರ್ವಭಂಗ.' ಇದರಲ್ಲಿ ಹೊಲ ಕಳೆದುಕೊಂಡು, ಗೌಡನೆದುರು ನಿಂತು ಒಂದು ಹಾಡು ಹಾಡಿ, ಎದೆ ಹಿಡಿದುಕೊಂಡು ಸಾಯುವ ಅಣ್ಣನ ಪಾತ್ರ ನಿನಗೇ ಎಂದು ಮುದುಕಪ್ಪನಿಗೆ ಮಾತು ಕೊಟ್ಟಿದ್ದ.

ಎರಡು ತಿಂಗಳು ಮುದುಕಪ್ಪ ಆ ಹಾಡನ್ನು ಕಂಡಕಂಡಲ್ಲಿ ಗುನುಗಿದ. ಗುನುಗುತ್ತಲೇ ಒಂದು ದಿನ ಮೂರನೇ ಪೀರಿಯಡ್ಡಿಗೇ ಶಾಲೆ ಬಿಡುವ ಗಂಟೆ ಹೊಡೆದು, ಹೆಡ್ಮಾಸ್ತರರಿಂದ ಬೈಸಿಕೊಂಡ. ಗಂಡ ಚಪ್ಪಲಿ ಏಟು ತಿನ್ನುವುದನ್ನು ನೋಡಲಾರೆ ಎಂದು ಒಂದು ನಾಟಕಕ್ಕೂ ಬಾರದಿದ್ದ ಹಂಪವ್ವ, "ಈ ಸಲ ಮುಂದ ಕುಂತು ನೋಡ್ತೀನಿ," ಎಂದಳು. ಅಂದಿನಿಂದ ಅವನಿಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಅಷ್ಟರಲ್ಲಿ ಚುನಾವಣೆಯ ಗಾಳಿ ಬೀಸಿತು. ಪಾತ್ರ ಹಂಚುವ ಭಾನುವಾರ ಬೆಳಿಗ್ಗೆ ಅಬ್ದುಲರೌಫನ ಗೋದಾಮಿಗೆ ಬಂದ ಹವ್ಯಾಸಿ ನಟರೆಲ್ಲ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿದ್ದರು; ಒಬ್ಬೊಬ್ಬರೂ ಚುನಾವಣೆಗೆ ನಿಲ್ಲುವವರೇ. ಎಲ್ಲರಿಗೂ ನಾಯಕನ ಪಾತ್ರವೇ ಬೇಕು. ಬಡವರಿಗಾಗಿ ಕಣ್ಣೀರಿಡಬೇಕು, ಹಾರ ಹಾಕಿಸಿಕೊಳ್ಳಬೇಕು. ಕಡೆಗೆ ಒಬ್ಬ ನಾಯಕನನ್ನು ಅಂಕಕ್ಕೊಬ್ಬರಂತೆ ಮೂವರು ಹಂಚಿಕೊಂಡರು. ಕಾಳಿಂಗಗೌಡನ ಹೆಸರೆತ್ತಿದರೆ ಮಾತ್ರ ಒಬ್ಬೊಬ್ಬರೂ ಮೊಬೈಲು ನೋಡತೊಡಗಿದರು.

"ಗೌಡನ ಪಾರ್ಟು ಮಾಡಿದ್ರ ಒಂದು ವೋಟೂ ಬೀಳಂಗಿಲ್ರಿ," ಎಂದ ಗವಿಸಿದ್ದೇಶ.

ಈ ಗವಿಸಿದ್ದೇಶ ಮೊದಲ ಅಂಕದ ನಾಯಕ. ಹೆಸರಿನ ಹಿಂದೆ 'ಜನಸೇವಕ' ಎಂಬ ಬಿರುದಿತ್ತು; ಕೊಟ್ಟವನೂ ಅವನೇ, ಬ್ಯಾನರು ಮಾಡಿಸಿದವನೂ ಅವನೇ. ಉದ್ಯೋಗ ಹೊಲಗಳನ್ನು ಸೈಟು ಮಾಡುವುದು.

ಅಬ್ದುಲರೌಫನ ಕಣ್ಣು ಮುದುಕಪ್ಪನ ಮೇಲೆ ಬಿತ್ತು. "ಮುದುಕಪ್ಪಾ, ಇದೊಂದು ಸೀಜನ್ ನಕ್ಕುಬಿಡೋ ಮಾರಾಯ."

"ಹ್ವಾದ ವರ್ಷನೂ ಹಿಂಗ ಅಂದಿದ್ರಿ."

"ಗೌಡ ಇಲ್ಲಂದ್ರ ನಾಟಕ ಇಲ್ಲ. ನಾಟಕ ಇಲ್ಲಂದ್ರ ಸೀಜನ್ ಇಲ್ಲ. ಪೋಸ್ಟರ್ ಆಗಲೇ ಛಾಪಖಾನಿಗೆ ಹೋಗ್ಯಾವು!"

ಗವಿಸಿದ್ದೇಶ ಎದ್ದು ಬಂದು ಮುದುಕಪ್ಪನ ಹೆಗಲ ಮೇಲೆ ಮೆತ್ತಗೆ ಕೈ ಇಟ್ಟ. "ಕಾಕಾ, ಕಲಾಸೇವಾ ಅಂದ್ರ ತ್ಯಾಗರಿ. ನಿಮ್ಮಂಥಾ ದೊಡ್ಡ ಮನಸು ಯಾರಿಗದ?"

ಮುದುಕಪ್ಪ ತಿರುಗಿ ಆ ಕೈಯನ್ನು ನೋಡಿದ. ಎಂಟು ವರ್ಷದ ಹಿಂದೆ ಇದೇ ಕೈ ಹಂಪವ್ವನ ತಲೆಯ ಮೇಲಿತ್ತು. ಅವಳಿಗೆ ತವರಿನಿಂದ ಬಂದಿದ್ದ ರಸ್ತೆ ಪಕ್ಕದ ಎರಡು ಎಕರೆ, ಮಕ್ಕಳ ಆಟದ ಮೈದಾನಕ್ಕೆ ಬೇಕೆಂದು ಗವಿಸಿದ್ದೇಶ ಬಂದಿದ್ದ. ಚಾಟಿ ತಂದಿರಲಿಲ್ಲ, ಮೀಸೆ ತಿರುವಿರಲಿಲ್ಲ, ನಕ್ಕಿರಲಿಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ನೆಲದ ಮೇಲೆ ಕುಳಿತು, ಒಂದು ಭಕ್ತಿಗೀತೆ ಹಾಡಿ, ಕಣ್ಣೊರೆಸಿಕೊಂಡು ಕಾಗದ ಬಿಚ್ಚಿದ್ದ. ಹಾಡಿನ ಹೊತ್ತಿಗೇ ಶಾಲೆಯಿಂದ ಬಂದಿದ್ದ ಮುದುಕಪ್ಪ ಹೊಸ್ತಿಲಲ್ಲಿ ನಿಂತು, ಹೆಂಡತಿಯ ಹೆಬ್ಬೆರಳು ಕಾಗದದ ಮೇಲೆ ಒತ್ತುವುದನ್ನು ನೋಡಿದ್ದ. ಮೈದಾನ ಇವತ್ತಿಗೂ ಆಗಿಲ್ಲ. ಅಲ್ಲಿ ಈಗ 'ಗವಿಸಿದ್ದೇಶ ನಗರ' ಇದೆ.

"ಆಗ್ಲಿ, ಮಾಡ್ತೀನಿ," ಎಂದ ಮುದುಕಪ್ಪ. "ಆದ್ರ ಈ ಸಲ ನಗಂಗಿಲ್ಲ. ಹಾಡ್ತೀನಿ."

"ಹೊಲಾ ನುಂಗಾವ ಎಲ್ಲ್ಯಾರ ಹಾಡ್ತಾನೇನೋ?" ಅಬ್ದುಲರೌಫ ಹಾರ್ಮೋನಿಯಂ ಮೇಲೆ ಬಡಿದ.

"ಹಾಡ್ತಾನ್ರಿ. ನಾ ಕೇಳೀನಿ."

ನಾಟಕದ ಅಣ್ಣನ ತಂಗಿಯ ಪಾತ್ರಕ್ಕೆಂದು ಇಳಕಲ್ಲಿನಿಂದ ಬಂದಿದ್ದ ನಟಿ ಕವಿತಾಳನ್ನು ಮುದುಕಪ್ಪ ಚಾಪೆಯ ಮೇಲೆ ಕೂರಿಸಿದ. ತಾನು ಚಪ್ಪಲಿ ಕಳಚಿ ದೂರ ಇಟ್ಟು, ಬಗ್ಗಿ ಒಳಗೆ ಬಂದ. "ತಂಗೆವ್ವಾ, ಊಟಾ ಆತೇನವಾ?" ಎಂದ. ಊರ ಮಕ್ಕಳಿಗೆ ಆಡಲು ಜಾಗವಿಲ್ಲವೆಂದು ಕಣ್ಣೊರೆಸಿಕೊಂಡ. ಕಣ್ಣು ಮುಚ್ಚಿ ನಾಲ್ಕು ಸಾಲು ಶಿವನ ಹಾಡು ಹೇಳಿದ. ಹಾಡಿನ ಕೊನೆಗೆ, ಮುಳ್ಳು ತೆಗೆಯುವವನ ಹಾಗೆ ಕವಿತಾಳ ಹೆಬ್ಬೆರಳು ಹಿಡಿದು, ಮೆತ್ತಗೆ ಕಾಗದಕ್ಕೆ ಒತ್ತಿದ. ಹದಿನೈದು ವರ್ಷದ ಅನುಭವದ ಕವಿತಾ ತನ್ನ ಮಾತು ಮರೆತು ಬೆರಳನ್ನೇ ನೋಡುತ್ತ ಕುಳಿತಳು.

ಅಲ್ಲಿದ್ದವರಿಗೆಲ್ಲ ಇದು ಯಾರೆಂದು ಗೊತ್ತಾಗಿತ್ತು. ಒಬ್ಬ ಸುಮ್ಮನೆ ಕೆಮ್ಮಿದ, ಇನ್ನೊಬ್ಬ ಸೂರು ನೋಡಿದ. ಅಬ್ದುಲರೌಫನ ಮುಖ ಬಿಳುಚಿಕೊಂಡಿತು; ಹನ್ನೊಂದು ಊರಿನ ಪೆಂಡಾಲು ಹಾಕಿಸಿಕೊಡುವವನು ಇದೇ ಜನಸೇವಕ. ಎಲ್ಲರ ಕಣ್ಣೂ ಮೆಲ್ಲಗೆ ಗವಿಸಿದ್ದೇಶನ ಕಡೆಗೆ ಹೊರಳಿದವು.

ಗವಿಸಿದ್ದೇಶ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಏನ್ ಮನಷ್ಯಾರೀ ಅಂವ!" ಎಂದ. "ಹೊಲಾ ತಗೊಳ್ಳೂದೇನೋ ತಗೊಂಡಾ. ಆದ್ರ ಎಷ್ಟ್ ಮರ್ಯಾದಿಲೆ ತಗೊಂಡಾ! ರೌಫಣ್ಣಾ, ಈ ಪಾರ್ಟು ನನಗ ಬೇಕು. ನಾಯಕನ್ನ ಯಾರಿಗರ ಕೊಡ್ರಿ."

"ಮತ್ತ ಕಡೀಕ ಚಪ್ಪಲಿ ಏಟು ಅದಾವಲ್ರಿ," ಎಂದು ಅಬ್ದುಲರೌಫ ತೊದಲಿದ.

"ಇರ್ಲಿ ಬಿಡ್ರಿ. ಒಳ್ಳೇವ್ರಿಗೆ ಕಾಲ ಎಲ್ಲೈತಿ?"

ಕವಿತಾ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ಅಬ್ದುಲರೌಫ ಬೆವರೊರೆಸಿಕೊಂಡು, ಪಟ್ಟಿಯಲ್ಲಿ ಕಾಳಿಂಗಗೌಡನ ಎದುರು ಗವಿಸಿದ್ದೇಶನ ಹೆಸರು ಬರೆದ. ಸೀಜನ್ ಉಳಿಯಿತು, ಅವನ ಮಟ್ಟಿಗೆ ಅಷ್ಟೇ ಸಾಕು. ಖಾಲಿ ಉಳಿದಿದ್ದ ಅಣ್ಣನ ಪಾತ್ರ ಮುದುಕಪ್ಪನಿಗೇ ಬಂತು.

ಇಬ್ಬರನ್ನೂ ಅಲ್ಲೇ ಎದುರುಬದುರು ನಿಲ್ಲಿಸಿ ತಾಲೀಮು ಶುರುವಾಯಿತು. ಅಬ್ದುಲರೌಫ ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದ. ಮುದುಕಪ್ಪ ತಲೆ ಎತ್ತಿ, ಎದುರಿಗಿದ್ದವನ ಕಣ್ಣಲ್ಲಿ ಕಣ್ಣಿಟ್ಟು, ಮೊದಲ ಸಾಲು ಎತ್ತಿದ. ಕಳೆದುಹೋದ ಹೊಲದ ಹಾಡು ಗೋದಾಮಿನ ತಗಡಿಗೆ ತಾಗಿ ಬೀದಿಯವರೆಗೆ ಹೋಯಿತು. ಹೊರಗೆ ಹೋಗಿದ್ದ ಕವಿತಾ ಬಾಗಿಲಿಗೆ ಬಂದು ನಿಂತಳು.

ಎರಡು ಸಾಲಿಗೇ ಗವಿಸಿದ್ದೇಶ ಚಡಪಡಿಸತೊಡಗಿದ. ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದ, ತೆಗೆದ.

"ರೌಫಣ್ಣಾ, ಕಾಕಾನ ಹಾಡು ಮುಗಿಯೂತನಕ ನಾ ಏನ್ ಮಾಡ್ಬೇಕ್ರಿ?"

ಅಬ್ದುಲರೌಫ ಉತ್ತರ ಕೊಡುವ ಮೊದಲೇ ಮುದುಕಪ್ಪ ಹಾಡು ನಿಲ್ಲಿಸಿ ಹೇಳಿದ.

"ಏನೂ ಮಾಡಬ್ಯಾಡ್ರಿ. ನಿಂತು ಕೇಳ್ರಿ."

ಮತ್ತೆ ಮೊದಲ ಸಾಲಿನಿಂದ ಎತ್ತಿದ.