ಬೀಗರ ಮುಂದೆ ಬಿಚ್ಚಿದ ರಿಪೋರ್ಟು

ಕ್ಯಾನ್ಸರ್ ರೋಗಿಗಳಿಗೆ ಜೀನ್ ಪರೀಕ್ಷೆಯ ರಿಪೋರ್ಟನ್ನು ಬಿಡಿಸಿ ಹೇಳುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ಕಣಕಟ್ಟೆ ಹತ್ತಿರದ ಗೌರಮ್ಮನವರಿಗೆ ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೂ ಹರಡಿತ್ತು. ಎದ್ದರೆ ತಲೆ ಸುತ್ತುತ್ತದೆ ಎಂದಿದ್ದರಿಂದ ನಾನೇ ಬಸ್ಸು ಹತ್ತಿ ಅವರ ಮನೆಗೆ ಹೋದೆ.

ಜಗಲಿಯ ಮೇಲೆ ಅವರ ಮಗಳ ಭಾವೀ ಮಾವ ಬಿಗಿದ ಮುಖ ಹೊತ್ತು ಕೂತಿದ್ದರು. ‘ಜೀನ್’ ಅನ್ನುವ ಮಾತು ಹೇಗೋ ಕಿವಿಗೆ ಬಿದ್ದು, ಮದುವೆ ನಿಲ್ಲಿಸಲು ಬಂದಿದ್ದರಂತೆ.

“ವಂಶದ ಕಾಯಿಲೆ ಐತಂತಲ್ಲ ಮೇಡಂ?” ಅಂದರು.

ಪಕ್ಕದಲ್ಲೇ ಹಾಸಿಗೆ ಮೇಲಿದ್ದ ಗೌರಮ್ಮನವರ ಮುಖ ನೋಡಿದೆ. “ಇವರ ಮುಂದೇನೇ ಹೇಳವ್ವ, ನಾನೇನು ಕದ್ದು ತಂದಿಲ್ಲ,” ಅಂದರು ಅವರು.

ಹೇಳಿದೆ. “ಇದು ಹುಟ್ಟಿನಿಂದ ಬಂದಿದ್ದಲ್ಲ. ಇವರ ಶ್ವಾಸಕೋಶದ ಜೀವಕೋಶದಲ್ಲಿ ಆಮೇಲೆ ಆಗಿರೋ ಬದಲಾವಣೆ, ಮಕ್ಕಳಿಗೆ ಹೋಗಲ್ಲ. ಇದಕ್ಕಂತಲೇ ಮಾತ್ರೆ ಇದೆ, ಮಿದುಳಿಗೂ ತಲುಪುತ್ತೆ. ಪೂರ್ತಿ ವಾಸಿ ಅಂತ ಹೇಳಲಾರೆ, ಹತೋಟಿಗೆ ಬರಬಹುದು.”

ಬೀಗರು ಉಸಿರು ಬಿಟ್ಟು, ನೆಮ್ಮದಿಯಾಗಿ ಒಂದು ಬೀಡಿ ಹಚ್ಚಿದರು.

ಗೌರಮ್ಮ ದಿಂಬಿಗೆ ಒರಗಿಕೊಂಡೇ ಕೇಳಿದರು: “ಬೀಡಿ ಮುಟ್ಟದೋಳಿಗೇ ಹಿಂಗಾಗೈತೆ. ನಿಮ್ಮ ಮಗನೂ ಸೇದ್ತಾನಾ ಬೀಗ್ರೇ? ಹಂಗಾದ್ರೆ ಅವನ ಎದೆ ಫೋಟೋ ತೆಗ್ಸಿ, ಆಮೇಲೆ ನಾವೂ ಯೋಚ್ನೆ ಮಾಡ್ತೀವಿ.”

ಬೀಗರು ಕೆಮ್ಮಿ ಕೆಮ್ಮಿ ಬೀಡಿಯನ್ನು ಕಾಲಲ್ಲಿ ಹೊಸಕಿದರು. “ಮದ್ವೆ ಹೇಳಿದ್ ದಿನಾನೇ ಆಗ್ಲಿ ಬಿಡ್ರವ್ವ,” ಅಂದರು.

ಆಯಿತು ಕೂಡ. ಗೌರಮ್ಮ ಕುರ್ಚಿಯಲ್ಲಿ ಕೂತೇ ಧಾರೆ ಎರೆದರು. ಮಾತ್ರೆ ಶುರುವಾದ ಮೇಲಿನ ಸ್ಕ್ಯಾನಿನಲ್ಲಿ ಮಿದುಳಿನ ಗಂಟುಗಳು ಕುಗ್ಗಿದ್ದವು. ಕಾಯಿಲೆ ತಲೆಗೇರಿದರೂ ಅವರ ನಾಲಿಗೆಗೆ ಮಾತ್ರ ಏನೂ ಆಗಿಲ್ಲ ಅನ್ನುವುದಕ್ಕೆ ನನಗಂತೂ ಯಾವ ಸ್ಕ್ಯಾನೂ ಬೇಕಿರಲಿಲ್ಲ.