ಸಯನ್‌ನ ಏಳನೇ ಮಹಡಿಯಲ್ಲಿ ಭೂಕಂಪ

ವಿಜಯಪುರದಿಂದ ಬಂದವಳು, ಮಹಾನಗರದ ಸಯನ್ ಬಡಾವಣೆಯಲ್ಲಿ ಬಾಲ್ಯದ ಗೆಳತಿ ಶಾಹಿದಾಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಇದ್ದಕ್ಕಿದ್ದಂತೆ ಕಪ್ಪಿನ ಚಹಾ ತುಳುಕಿತು, ಕಪಾಟು ಗಡಗಡ ಅಲುಗಿತು. ನಾನು ಎದ್ದು ಬಾಗಿಲಿಗೆ ಓಡಿದೆ.

"ಓಡಬ್ಯಾಡ! ಟೇಬಲ್ ಕೆಳಗ ಬಾ. ತಲಿ ಮುಚ್ಕೊ, ಟೇಬಲ್ ಕಾಲು ಗಟ್ಟಿ ಹಿಡ್ಕೊ!"

ಶಾಹಿದಾ ನನ್ನ ಸೆರಗು ಹಿಡಿದೆಳೆದು ಟೇಬಲ್ ಕೆಳಗೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಆ ಭಯದಲ್ಲೂ ಖುಷಿಯಾಯಿತು. ಶಾಲೆಯಲ್ಲಿ ಬೆಂಚಿನ ಕೆಳಗೆ ಹೀಗೇ ಒತ್ತಿಕೊಂಡು ಕೂತು ಹುಣಸೆಹಣ್ಣು ತಿನ್ನುತ್ತಿದ್ದೆವು. ಅಷ್ಟರಲ್ಲಿ ಅವಳು ಎದುರು ಮನೆಯ ಗೆಳತಿಗೆ ಕೂಗಿದಳು: "ವೈಶಾಲಿ, ಖಿಡಕೀ ಸೇ ದೂರ್! ಸುನಾ ಕ್ಯಾ?" ಕಿಟಕಿಯಿಂದ ದೂರ ಇರು ಅಂತ. ಶಾಹಿದಾಳ ಕೈ ನನ್ನ ತಲೆಯ ಮೇಲಿತ್ತು, ಜೀವ ಮಾತ್ರ ಎದುರು ಮನೆಯಲ್ಲಿತ್ತು.

ಅಲುಗಾಟ ನಿಂತಾಗ ಕಪಾಟಿನ ಗಾಜು ನೆಲದ ತುಂಬ ಚೆಲ್ಲಿತ್ತು. ವೈಶಾಲಿ, ಶಾಹಿದಾ ಕೊಟ್ಟಿಟ್ಟಿದ್ದ ಕೀಲಿಯಿಂದ ಬಾಗಿಲು ತೆರೆದು, ಹೊರಗೆ ಬಿಟ್ಟಿದ್ದ ಶಾಹಿದಾಳ ಚಪ್ಪಲಿ ಹಿಡಿದು ಒಳಗೆ ಬಂದಳು.

"ಬರಿಗಾಲಲೆ ಇಳಿಯೂದಿಲ್ಲ, ಲಿಫ್ಟ್ ಹತ್ತೂದಿಲ್ಲ ಅಂತ ನಮ್ಮಿಬ್ಬರದೂ ಮಾತಾಗೇತಿ," ಎಂದಳು ಶಾಹಿದಾ, ವೈಶಾಲಿಯ ಕಡೆ ಕೈ ತೋರಿಸಿ.

ನಮ್ಮಿಬ್ಬರದೂ! ಒಂದು ಕಾಲಕ್ಕೆ ಆ ಮಾತಿನಲ್ಲಿ ಇರುತ್ತಿದ್ದವಳು ನಾನು.

ನನ್ನ ಚಪ್ಪಲಿ ಮಗುಚಿದ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಸಿಕ್ಕಿಬಿದ್ದಿದ್ದವು. ವೈಶಾಲಿ ನನ್ನ ಕಾಲು ನೋಡಿದಳು. ತನ್ನ ಚಪ್ಪಲಿ ಕಳಚಿ ನನ್ನ ಮುಂದಿಟ್ಟು, "ಘಾಲಾ ತಾಈ, ಹಾಕ್ಕೊಳ್ಳಿ ಅಕ್ಕ," ಎಂದು ಮರಾಠಿ ಬೆರೆತ ಅರೆಬರೆ ಕನ್ನಡದಲ್ಲಿ ಹೇಳಿದಳು. ಆಮೇಲೆ ಬರಿಗಾಲಲ್ಲೇ, ಗಾಜು ನೋಡಿ ನೋಡಿ ಹೆಜ್ಜೆಯಿಡುತ್ತ ನಮ್ಮ ಮುಂದೆ ಮೆಟ್ಟಿಲಿಳಿದಳು.

ಚಪ್ಪಲಿ ನನ್ನ ಕಾಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತವು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.